ಕಪಾಲಿಗೆ ಕಣ್ಣೀರು ಹಾಕುವ ಮುನ್ನ

ಬೆಂಗಳೂರಿನ ಕಪಾಲಿ ಚಿತ್ರಮಂದಿರ 2017ರಲ್ಲಿ ಬಾಗಿಲು ಹಾಕಿದಾಗ ನಾನು ಡಿಗ್ರಿ ಓದುತ್ತಿದ್ದೆ. ಆ ವಾರವೆಲ್ಲ ನೆನಪುಗಳ ಸುರಿಮಳೆ. ಅಪ್ಪನ ಕೈ ಹಿಡಿದು ಹೋದದ್ದು, ಬ್ಲಾಕಿನಲ್ಲಿ ಟಿಕೆಟ್ ಕೊಂಡದ್ದು, ಇಂಟರ್‌ವೆಲ್ಲಿನಲ್ಲಿ ತಿಂದ ಸಮೋಸ. ನಾನೂ ಫೇಸ್‌ಬುಕ್ಕಿನಲ್ಲಿ ಒಂದು ಬರೆದೆ. ಲೈಕುಗಳೂ ಬಂದವು. ಇಂದು ಅದನ್ನು ಓದಿದರೆ ನಾಚಿಕೆಯಾಗುತ್ತದೆ. ಅದನ್ನು ಬರೆಯುವ ಹೊತ್ತಿಗೆ ನಾನು ಕಪಾಲಿಯೊಳಗೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷ ನಾನು ಗೆಳೆಯರ ಜೊತೆ ಸಿನಿಮಾ ನೋಡಿದ್ದು ಮಾಲುಗಳಲ್ಲಿ.

ನನ್ನ ತಕರಾರು ಇಷ್ಟೇ. ಕೆಡವಿದ ಚಿತ್ರಮಂದಿರದ ಬಗ್ಗೆ ನಾವು ಬರೆಯುವ ನೆನಪಿನ ಬರಹಗಳು ಆ ಚಿತ್ರಮಂದಿರವನ್ನು ಉಳಿಸುವುದಿಲ್ಲ. ಅವು ನಮ್ಮನ್ನು ಉಳಿಸುತ್ತವೆ, ನಮ್ಮ ಪಾಲಿನ ಜವಾಬ್ದಾರಿಯಿಂದ.

ನನಗೆ ಕಪಾಲಿಯನ್ನು ತೋರಿಸಿದ್ದು ಸೋದರಮಾವ. ಮೆಜೆಸ್ಟಿಕ್ ಹತ್ತಿರ ಲಾರಿ ಲೋಡಿಂಗ್ ಕೆಲಸ ಮಾಡುತ್ತಿದ್ದ ಅವರು ನಾನು ಊರಿಂದ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನಿಂದ ಗಾಂಧಿನಗರಕ್ಕೆ ನಡೆಸಿಕೊಂಡು ಹೋಗುತ್ತಿದ್ದರು. 1968ರಲ್ಲಿ ಸಿನೆರಮಾ ಪರದೆಯೊಂದಿಗೆ ಆರಂಭವಾದ, ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುವ ಸಭಾಂಗಣ ಅದು. ಮತ್ತೆ ಮತ್ತೆ ತೆರೆಗೆ ಬರುತ್ತಿದ್ದ ‘ಓಂ’ ಚಿತ್ರವನ್ನು ನಾನು ನೋಡಿದ್ದು ಅಲ್ಲೇ, ಗಾಂಧಿ ಕ್ಲಾಸಿನಲ್ಲಿ, ಕತ್ತು ಮೇಲೆತ್ತಿಕೊಂಡು. ಪಕ್ಕದವರು ಡೈಲಾಗನ್ನು ಶಿವರಾಜ್‌ಕುಮಾರ್‌ಗಿಂತ ಮೊದಲೇ ಹೇಳುತ್ತಿದ್ದರು. ‘ಕೂತ್ಕೊಳೋ, ಕಾಣ್ತಿಲ್ಲ’ ಎಂದು ಮಾವ ಮುಂದಿನವನ ಬೆನ್ನು ತಟ್ಟಿದರೆ ಅವನು ನಕ್ಕು ಕೂರುತ್ತಿದ್ದ.

ಇದನ್ನೇ ನಾನು ಅಂದು ಬರೆದಿದ್ದೆ. ಬರೆಯದೆ ಬಿಟ್ಟದ್ದು, ಕಪಾಲಿ ಮುಚ್ಚಿದ ಮೇಲೆ ಮಾವ ಏನು ಮಾಡಿದರು ಎಂಬುದನ್ನು. ಅವರು ಚಿತ್ರಮಂದಿರಕ್ಕೆ ಹೋಗುವುದನ್ನೇ ಬಿಟ್ಟರು. ಒಮ್ಮೆ ಮಾಲಿಗೆ ಕರೆದೆ. ‘ಅಲ್ಲಿ ಚೆಕ್ ಮಾಡೋನು ನನ್ ಚಪ್ಪಲಿ ನೋಡ್ತಾನೆ ಕಣೋ’ ಅಂದರು. ಕೆಡವಿದ್ದು ಕಟ್ಟಡವನ್ನಷ್ಟೇ ಅಲ್ಲ, ಮಾವ ಸಂಕೋಚವಿಲ್ಲದೆ ಒಳಗೆ ಹೋಗಬಹುದಾಗಿದ್ದ ಒಂದು ಬಾಗಿಲನ್ನು. 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ವಾರ ಕಪಾಲಿಯ ನೆನಪಿನ ಬರಹಗಾರರಲ್ಲಿ ಎಷ್ಟು ಜನ ಬಾಯಿಬಿಟ್ಟರು? ನಾನೂ ಬಿಡಲಿಲ್ಲ.

ಹಳೆಯದನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. ಗಾಂಧಿ ಕ್ಲಾಸಿನಲ್ಲಿ ಹೆಂಗಸರು ಕೂರುತ್ತಿದ್ದುದು ಅಪರೂಪ. ಅತ್ತೆ ಒಮ್ಮೆಯೂ ನಮ್ಮ ಜೊತೆ ಬರಲಿಲ್ಲ. ಹೋದದ್ದೆಲ್ಲ ಸ್ವರ್ಗವಾಗಿರಲಿಲ್ಲ. ಖಾಲಿ ಸೀಟುಗಳಿಗೆ ಸಿನಿಮಾ ತೋರಿಸುತ್ತ ನಷ್ಟ ಅನುಭವಿಸಿ ಎಂದು ಮಾಲೀಕರಿಗೆ ಹೇಳುವ ಹಕ್ಕೂ ನಮಗಿಲ್ಲ. ಆದರೆ ‘ಕಾಲ ಬದಲಾಯಿತು’ ಎಂದು ಕೈ ತೊಳೆದುಕೊಳ್ಳುವುದು ಬೇರೆ ಮಾತು. ಮುಂಬೈನಲ್ಲೂ ಕಾಲ ಬದಲಾಗಿದೆ, ನೆಲದ ಬೆಲೆ ಅಲ್ಲೇನು ಕಡಿಮೆಯಿಲ್ಲ. ಆದರೂ 1938ರ ಈರೋಸ್ ಕಟ್ಟಡ ನಿಂತಿದೆ; ಅದಿರುವ ಆರ್ಟ್ ಡೆಕೊ ಸಾಲು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ನಾಗರಿಕರು ಪಟ್ಟು ಹಿಡಿದು ದಾಖಲಿಸಿದರು. ನಮ್ಮಲ್ಲಿ ಸ್ಮಾರಕ ಎನಿಸಿಕೊಳ್ಳಲು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಬೇಕು. ಕಪಾಲಿಗೆ ಐವತ್ತೂ ತುಂಬಲಿಲ್ಲ. ಸಿನಿಮಾದಂಥ ಎಳೆಯ ಕಲೆಯ ಮನೆಗಳನ್ನು ಈ ಅಳತೆಗೋಲಿನಿಂದ ಅಳೆದರೆ ಯಾವುದೂ ಉಳಿಯುವುದಿಲ್ಲ.

ಕಟ್ಟಡ ಹೋಗಲಿ, ಕಾಗದವನ್ನಾದರೂ ಉಳಿಸಿದೆವೆ? ನನ್ನ ಪಿಎಚ್‌.ಡಿ. ವಿಷಯ ಕನ್ನಡ ಸಿನಿಮಾದ ಪ್ರೇಕ್ಷಕರು. ಯಾವ ಚಿತ್ರಕ್ಕೆ, ಯಾವ ಆಟಕ್ಕೆ, ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತೆಂದು ಪ್ರತಿ ಚಿತ್ರಮಂದಿರವೂ ದಿನದಿನ ಬರೆದಿಡುತ್ತಿದ್ದ ಡಿಸಿಆರ್ ಹಾಳೆಗಳು ನನಗೆ ಬೇಕಿದ್ದವು. ಮುಚ್ಚಿಹೋದ ಒಂದು ಚಿತ್ರಮಂದಿರದ ಹಳೆಯ ಆಪರೇಟರ್‌ ಒಬ್ಬರನ್ನು ಹುಡುಕಿ ಕೇಳಿದೆ. ‘ಮೂರು ಆಟೋ ತುಂಬ ಗುಜರಿಗೆ ಹೋಯ್ತು ಸಾರ್, ಆವಾಗ ಯಾರೂ ಕೇಳ್ಲಿಲ್ಲ’ ಅಂದರು. ಮೂರು ಆಟೋ! ಕನ್ನಡಿಗರು ಏನನ್ನು ಮೆಚ್ಚಿದರು, ಏನನ್ನು ಎರಡೇ ದಿನಕ್ಕೆ ಓಡಿಸಿದರು ಎಂಬ ಚರಿತ್ರೆ ಕೆ.ಜಿ. ಲೆಕ್ಕದಲ್ಲಿ ಮಾರಾಟವಾಯಿತು. ಆ ದಿನಗಳಲ್ಲಿ ವಿಶ್ವವಿದ್ಯಾಲಯದವರಾದ ನಾವು ‘ನೆನಪಿನ ರಾಜಕಾರಣ’ದ ಬಗ್ಗೆ ವಿಚಾರ ಸಂಕಿರಣ ಮಾಡುತ್ತಿದ್ದಿರಬೇಕು.

ಮೆಜೆಸ್ಟಿಕ್ ಎಂಬ ಹೆಸರನ್ನೇ ನೋಡಿ. ಆ ಹೆಸರು ಕೊಟ್ಟ ಚಿತ್ರಮಂದಿರ ಇಲ್ಲ. ಕಂಡಕ್ಟರು ಮಾತ್ರ ದಿನಕ್ಕೆ ನೂರು ಸಲ ಕೂಗುತ್ತಾನೆ, ನಾವು ಇಳಿದು ನಮ್ಮ ದಾರಿ ಹಿಡಿಯುತ್ತೇವೆ. ಹೆಸರು ನೆನಪಿಟ್ಟುಕೊಳ್ಳಲು ಯಾರೂ ಏನೂ ಖರ್ಚು ಮಾಡಬೇಕಿಲ್ಲ.

ನಿಮ್ಮೂರಿನಲ್ಲಿ ಇನ್ನೂ ಒಂದು ಹಳೆಯ ಟಾಕೀಸು ಉಳಿದಿರಬಹುದು. ಅದು ಬೀಳುವವರೆಗೆ ಕಾದು ಬರೆಯಬೇಡಿ. ಈ ಭಾನುವಾರವೇ ಹೋಗಿ. ಗೇಟ್‌ಕೀಪರನ್ನು ಮಾತಾಡಿಸಿ, ಫೋಟೊ ತೆಗೆಯಿರಿ, ಹಳೆಯ ಲೆಕ್ಕದ ಪುಸ್ತಕಗಳು ಎಲ್ಲಿವೆ ಎಂದು ಮಾಲೀಕರನ್ನು ಕೇಳಿ. ಹಾಗೆಯೇ ಒಂದು ಟಿಕೆಟ್ ಕೊಳ್ಳಿ. ಸಾಧ್ಯವಾದರೆ ಎರಡು ಕೊಳ್ಳಿ, ನನ್ನ ಮಾವನಂಥ ಒಬ್ಬರನ್ನು ಕರೆದುಕೊಂಡು ಹೋಗಿ.