ಮದ್ದಿನ ಡಬ್ಬಿಯನ್ನು ಓದುವವರು ಯಾರು?

ಕಳೆದ ತಿಂಗಳು ನಮ್ಮ ಏಳನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ಮನೆಯಲ್ಲಿರುವ ಮದ್ದುಗಳ ಹೆಸರನ್ನು ದೊಡ್ಡವರ ಎದುರಿನಲ್ಲೇ ನೋಡಿ ಬರೆದುಕೊಂಡು ಬನ್ನಿ, ಮದ್ದನ್ನು ಮಾತ್ರ ಶಾಲೆಗೆ ತರಬೇಡಿ ಎಂದಿದ್ದೆವು. ಆರೋಗ್ಯದ ಪಾಠಕ್ಕೊಂದು ಚಟುವಟಿಕೆ, ಅಷ್ಟೆ. ಆದರೆ ಮಕ್ಕಳು ತಂದ ಪಟ್ಟಿ ನೋಡಿ ಪಾಠ ಕಲಿಯಬೇಕಾದವರು ನಾವೇ ಆದೆವು!

ಹೆಚ್ಚಿನ ಮನೆಗಳಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿಯೋ ಪ್ಲಾಸ್ಟಿಕ್ ತೊಟ್ಟೆಯೋ ಇದೆ. ಅದರೊಳಗೆ ಅರ್ಧ ಮುಗಿದ ಗುಳಿಗೆ ಸ್ಟ್ರಿಪ್, ಕಳೆದ ಮಳೆಗಾಲದ ಸಿರಪ್, ಅವಧಿ ತೀರಿದ ಕಣ್ಣಿನ ಮದ್ದು. ಒಬ್ಬಳು ಹುಡುಗಿ ಅಜ್ಜಿಯ ಬಿ.ಪಿ.ಗೆ ಎಂದು ಎರಡು ಮದ್ದು ಬರೆದಿದ್ದಳು. ಒಂದು ಮಂಗಳೂರಿನ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಕಂಪೆನಿ ಹೆಸರಿನದ್ದು. ಇನ್ನೊಂದು ಊರಿನ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಕ್ಕಿದ ಅಮ್ಲೋಡಿಪಿನ್. ಕಂಪೆನಿ ಹೆಸರಿನ ಜೊತೆಗಿರುವ ಸಣ್ಣ ಅಕ್ಷರಗಳನ್ನೂ ಬರೆದುಕೊಂಡು ಬಾ ಎಂದು ಕಳಿಸಿದೆವು. ನೋಡಿದರೆ ಅದೂ ಅಮ್ಲೋಡಿಪಿನ್!

"ಟೀಚರ್, ಅಜ್ಜಿ ಎರಡನ್ನೂ ತಿಂತಾರೆ" ಎಂದಳು. ಅಜ್ಜಿಯ ಕಾಲು ಬಾತುಕೊಳ್ಳುತ್ತಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಿದ್ದರು. ಎರಡನ್ನೂ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ ಎಂದು ಹೇಳಿಕಳಿಸಿದೆವು. ಡಾಕ್ಟರು ಒಂದನ್ನು ನಿಲ್ಲಿಸಿದರು.

ತಪ್ಪು ಅಜ್ಜಿಯದ್ದಲ್ಲ. ಮದ್ದು ಕೈಗೆ ಸಿಗುವುದು ಬೇರೆ, ಅರ್ಥವಾಗುವುದು ಬೇರೆ. ಮೊದಲನೆಯದರ ಬಗ್ಗೆ ನಾವು ಕಾಸರಗೋಡಿನವರು ಸಾಕಷ್ಟು ಮಾತನಾಡಿದ್ದೇವೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಆದರೆ ಎರಡನೆಯದರ ಬಗ್ಗೆ ಮಾತೇ ಇಲ್ಲ.

ನಮ್ಮ ಮನೆಗಳಲ್ಲಿ ಮಾತು ಕನ್ನಡ ಅಥವಾ ತುಳು. ಚೀಟಿ ಇಂಗ್ಲಿಷಿನಲ್ಲಿ. ಮದ್ದು ಕೊಡುವವರು ವಿವರಿಸುವುದು ಹೆಚ್ಚಾಗಿ ಮಲಯಾಳದಲ್ಲಿ. ಮಲಯಾಳದ 'ಮುಂಬ್' ಎಂದರೆ ಮೊದಲು. ಗಡಿಬಿಡಿಯಲ್ಲಿ ಅದನ್ನು ಕನ್ನಡದ 'ಮುಂದೆ' ಎಂದುಕೊಂಡರೆ ಊಟಕ್ಕೆ ಮೊದಲಿನ ಗುಳಿಗೆ ಊಟದ ನಂತರದ್ದಾಗುತ್ತದೆ!

ಮಕ್ಕಳ ವಿಷಯದಲ್ಲಿ ಇದು ಇನ್ನೂ ಅಪಾಯ. ಜ್ವರದ ಪ್ಯಾರಾಸಿಟಮಾಲ್ ಹನಿ ಮದ್ದಿನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ. ಸಿರಪ್ಪಿನಲ್ಲಾದರೆ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದುಂಟು. ಸಿರಪ್ಪಿನ ಅಳತೆಯಲ್ಲಿ ಹನಿ ಮದ್ದು ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ನಾಲ್ಕು ಪಟ್ಟು. ಬಾಟಲಿ ಓದಲು ಬಾರದ ತಾಯಿಗೆ ಇದು ತಿಳಿಯುವುದು ಹೇಗೆ?

ಆಂಟಿಬಯೋಟಿಕ್ ಕಥೆಯೂ ಇದೇ. ಜ್ವರ ಇಳಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಡುತ್ತೇವೆ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರಲ್ಲಿ 'ಆಪರೇಷನ್ ಅಮೃತ್' ಆರಂಭವಾಯಿತು. ಒಳ್ಳೆಯದೇ. ಆದರೆ ಅಂಗಡಿಯ ಬಾಗಿಲು ಕಾದರೆ ಸಾಲದು, ಮನೆಯ ಡಬ್ಬಿಯೊಳಗೂ ನೋಡಬೇಕಲ್ಲವೇ?

ಹಾಗಾದರೆ ಏನು ಮಾಡೋಣ? ನಮಗೆ ತೋಚಿದ್ದು ಮೂರು.

ಒಂದು, ಶಾಲೆಯಲ್ಲಿ ವರ್ಷಕ್ಕೆ ಎರಡು ಪೀರಿಯಡ್ ಮದ್ದಿನ ಸ್ಟ್ರಿಪ್ ಓದಲು ಕಲಿಸೋಣ. ಮದ್ದಿನ ನಿಜ ಹೆಸರು, ಎಷ್ಟು ಮಿ.ಗ್ರಾಂ., ಅವಧಿ ಯಾವಾಗ ತೀರುತ್ತದೆ, ಡಾಕ್ಟರ ಚೀಟಿ ಬೇಕು ಎನ್ನುವ ಕೆಂಪು ಗೆರೆ ಇದೆಯೇ, ಇಷ್ಟು ಸಾಕು. ಮೇಷ್ಟ್ರುಗಳು ಡಾಕ್ಟರಾಗಲು ಹೊರಟರೇ ಎಂದು ಕೆಲವರು ನಗಬಹುದು. ನಾವು ಕಲಿಸುವುದು ಓದು, ಚಿಕಿತ್ಸೆಯಲ್ಲ. ಯಾವ ಮದ್ದು ತಿನ್ನಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಡಾಕ್ಟರೇ.

ಎರಡು, ಹೆತ್ತವರು ಗಡಿಯ ಯಾವ ಕಡೆಯ ಆಸ್ಪತ್ರೆಗೆ ಹೋದರೂ ಈಗ ತಿನ್ನುತ್ತಿರುವ ಎಲ್ಲ ಮದ್ದುಗಳನ್ನೂ ತೊಟ್ಟೆ ಸಮೇತ ಒಯ್ದು ತೋರಿಸಲಿ.

ಮೂರು, ಆರೋಗ್ಯ ಕೇಂದ್ರದ ಮದ್ದಿನ ಕವರಿನ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಮತ್ತು ಕನ್ನಡದಲ್ಲಿ ಒಂದು ಸಾಲು ಇರಲಿ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ನಡೆಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಒಪ್ಪಿತ್ತು. ಅರ್ಜಿಗೆ ಸಲ್ಲುವ ಭಾಷೆ ಮದ್ದಿನ ಕವರಿಗೆ ಸಲ್ಲದೇ?

ಮಲಯಾಳ ಕಲಿಯಿರಿ ಎನ್ನುವವರಿದ್ದಾರೆ. ನಮ್ಮ ಮಕ್ಕಳು ಕಲಿಯುತ್ತಲೇ ಇದ್ದಾರೆ. ಆದರೆ ಎಪ್ಪತ್ತು ದಾಟಿದ ಅಜ್ಜಿ ಇವತ್ತು ರಾತ್ರಿಯ ಗುಳಿಗೆಯನ್ನು ಇವತ್ತೇ ತಿನ್ನಬೇಕು.

ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿ ಏನು ಪ್ರಯೋಜನ ಎಂದು ಕೇಳುವವರಿಗೆ ನಮ್ಮಲ್ಲಿ ಈಗೊಂದು ಉತ್ತರವಿದೆ. ಆ ಹುಡುಗಿ ಈಗ ಅಜ್ಜಿಯ ಪ್ರತಿ ಮದ್ದಿನ ಕವರಿನ ಮೇಲೂ ಯಾವುದಕ್ಕೆ, ಯಾವಾಗ ಎಂದು ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿಡುತ್ತಾಳೆ. ನಿಮ್ಮ ಶಾಲೆಯಲ್ಲೂ ಶುರು ಮಾಡಬಹುದು. ಏನಂತೀರಿ?