ಜೈಸಲ್ಮೇರ್ ಕೋಟೆಗೆ ನಲ್ಲಿ ನೀರಿನ ಗಂಡಾಂತರ

ಥಾರ್ ಮರುಭೂಮಿಯ ಕೋಟೆಯೊಂದು ನೀರು ಹೆಚ್ಚಾಗಿ ಕುಸಿಯುತ್ತಿದೆ ಎಂದರೆ ನಂಬುವುದು ಕಷ್ಟ. ಜೈಸಲ್ಮೇರ್‌ನಲ್ಲಿ ಆಗುತ್ತಿರುವುದು ಅದೇ. 1156ರಲ್ಲಿ ರಾವಲ್ ಜೈಸಲ್ ತ್ರಿಕೂಟ ಬೆಟ್ಟದ ಮೇಲೆ ಕಟ್ಟಿಸಿದ ಈ ಕೋಟೆ ಮುತ್ತಿಗೆಗಳನ್ನು ಕಂಡಿದೆ, ಎಂಟು ಶತಮಾನಗಳ ಬಿಸಿಲು, ಮರಳುಗಾಳಿ ತಡೆದುಕೊಂಡಿದೆ. ಈಗ ಅದರ ಬುಡ ಸಡಿಲಿಸುತ್ತಿರುವುದು ಒಳಗಿನ ಬಚ್ಚಲು, ಶೌಚಾಲಯ, ಅಡುಗೆಮನೆಗಳಿಂದ ಇಂಗುವ ನೀರು.

ತ್ರಿಕೂಟ ಏಕಶಿಲೆಯ ಬೆಟ್ಟವಲ್ಲ. ಮರಳುಗಲ್ಲು, ಜೇಡಿಮಣ್ಣು, ಪದರಗಲ್ಲು ಒಂದರ ಮೇಲೊಂದು ಕೂತಿವೆ. ಒಣಗಿರುವವರೆಗೆ ಗಟ್ಟಿ, ನೀರು ಸೇರಿದರೆ ಜೇಡಿ ಮೆತ್ತಗಾಗಿ ಜಾರತೊಡಗುತ್ತದೆ. ಮೇಲಿನ ಬುರುಜುಗಳಲ್ಲೋ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಲಾಗಿದೆ. ಅಡಿಯ ಮಣ್ಣು ತುಸು ಸರಿದರೂ ಆ ಹಿಡಿತ ತಪ್ಪುತ್ತದೆ.

ಕಟ್ಟಿದವರು ಇದನ್ನು ಅರಿತಿದ್ದರು. ವರ್ಷಕ್ಕೆ ಸುಮಾರು 20 ಸೆಂಟಿಮೀಟರಷ್ಟೇ ಬೀಳುವ ಮಳೆಯನ್ನು ಕೂಡ ಒಳಗೆ ನಿಲ್ಲಗೊಡದೆ ನಾಲ್ಕೂ ದಿಕ್ಕಿಗೆ ಹರಿಸಲು ‘ಘುಟ್ ನಾಲಿ’ ಎಂಬ ಚರಂಡಿ ವ್ಯವಸ್ಥೆ ಮಾಡಿದ್ದರು. ಮನೆಬಳಕೆಯ ನೀರು ಬಾವಿಗಳಿಂದ, ಕೆಳಗಿನ ಗಡೀಸರ್ ಕೆರೆಯಿಂದ ಬರಬೇಕಿತ್ತು. ಬೆಟ್ಟ ಹತ್ತಿಸಿ ತಂದ ಕೊಡದ ನೀರನ್ನು ಯಾರು ತಾನೇ ದಂಡ ಮಾಡುತ್ತಾರೆ? ನಲ್ಲಿ ಬಂದು ಹೆಂಗಸರ ತಲೆಭಾರ ಇಳಿದದ್ದು ಒಳ್ಳೆಯದೇ ಆಯಿತು. ಆದರೆ ನೀರು ಒಳಬರಲು ಕೊಳವೆ ಹಾಕಿದ ಆಡಳಿತ, ಅದು ಹೊರಹೋಗುವ ದಾರಿಗೆ ಅಷ್ಟೇ ಗಮನ ಕೊಡಲಿಲ್ಲ. ಮನಬಂದಂತೆ ಎದ್ದ ಕಟ್ಟಡಗಳು, ಹೊಸ ರಸ್ತೆಗಳು ಹಳೆಯ ನಾಲೆಗಳನ್ನೂ ಕೆಡಿಸಿದವು.

ಜೊತೆಗೆ ಪ್ರವಾಸೋದ್ಯಮ. ಸತ್ಯಜಿತ್ ರಾಯ್ ಅವರ 1974ರ ‘ಸೋನಾರ್ ಕೆಲ್ಲಾ’ ಚಿತ್ರ ಈ ಕೋಟೆಯನ್ನು ಬಂಗಾಳದ ಮನೆಮಾತಾಗಿಸಿತು. ಬರಬರುತ್ತಾ ಒಳಗಿನ ಹಳೆಯ ಮನೆಗಳು ಹೋಟೆಲುಗಳಾದವು, ಕೋಣೆಗೊಂದು ಬಚ್ಚಲು ಬಂತು. ಚಪ್ಪಡಿಯ ಕೆಳಗೆ ಕೊಳವೆಯ ಕೀಲೊಂದು ಸೋರಿದರೆ ತಿಂಗಳುಗಟ್ಟಲೆ ಯಾರಿಗೂ ತಿಳಿಯದು. ಅದು ಕಾಣಿಸುವುದು ಎಷ್ಟೋ ಕೆಳಗೆ, ಬುರುಜಿನ ಬುಡದ ಒದ್ದೆ ಕಲೆಯಾಗಿ, ಉಪ್ಪು ಬಿಳುಚಿಕೊಂಡು ಸಿಪ್ಪೆಯೇಳುವ ಹಳದಿ ಕಲ್ಲಾಗಿ.

ಎಚ್ಚರಿಕೆಗೇನೂ ಕೊರತೆಯಿರಲಿಲ್ಲ. 1996ರಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 1998ರಲ್ಲಿ ಹೊರಗೋಡೆಯ ಒಂದು ಭಾಗ ಕುಸಿದು ಆರು ಜನ ಸತ್ತರು. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಬಂತು. 2024ರ ಆಗಸ್ಟ್ ಮಳೆಯಲ್ಲಿ ಮತ್ತೆ ಗೋಡೆಯ ಒಂದು ಭಾಗ ಬಿತ್ತು.

ಕೋಟೆಯನ್ನು ಪೂರ್ತಿ ಖಾಲಿ ಮಾಡಿಸಿ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಅದು ಅನ್ಯಾಯ. ತಲೆಮಾರುಗಳಿಂದ ಸಾವಿರಾರು ಜನ ಬದುಕಿರುವ ಇಂಥ ಕೋಟೆಗಳು ದೇಶದಲ್ಲಿ ತೀರಾ ವಿರಳ. ಬಿಟ್ಟುಹೋದ ಮನೆ ಇನ್ನೂ ಬೇಗ ಹಾಳಾಗುತ್ತದೆ. ಮೊದಲು ಇಳಿಯಬೇಕಾದದ್ದು ತಂಗುವ ಹೋಟೆಲುಗಳು. ನ್ಯಾಯವಾದ ಪರಿಹಾರ, ಕೆಳಗಿನ ಊರಿನಲ್ಲಿ ಜಾಗ ಕೊಟ್ಟರೆ ಮಾಲೀಕರನ್ನು ಒಪ್ಪಿಸಬಹುದು. ಪ್ರವಾಸಿಗರು ಕೆಳಗೆ ತಂಗಿ ಕೋಟೆ ಹತ್ತಿ ಬರಲಿ. ಉಳಿದ ಮನೆಗಳ ಕೊಳವೆಗಳು ಸೋರಿದರೆ ಕೂಡಲೇ ಕಣ್ಣಿಗೆ ಬೀಳುವಂತಿರಬೇಕು, ಅದರ ಖರ್ಚನ್ನು ಸರ್ಕಾರವೇ ಹೊರಬೇಕು. ಪುರಾತತ್ವ ಇಲಾಖೆ ಮತ್ತು ನಗರಸಭೆ ಒಟ್ಟಿಗೆ ಕೂರದೆ ಇದ್ಯಾವುದೂ ಆಗದು. ಮುಂದಿನ ಮಳೆಗೆ ಮುಂಚೆ ಘುಟ್ ನಾಲಿಗಳ ಹೂಳು ತೆಗೆಸಲಂತೂ ಯಾವ ಹೊಸ ಕಾನೂನೂ ಬೇಕಿಲ್ಲ.