ಸಂಶೋಧನೆಯ ಹಣಕ್ಕೂ ಹದ ಬೇಕು

ವಿಶ್ವವಿದ್ಯಾನಿಲಯದ ಲೆಕ್ಕಪತ್ರಗಳ ಗೊಡವೆ ರೈತರಿಗೇಕೆ ಎಂದು ಕೆಲವರು ಕೇಳಬಹುದು. ಹೊಸ ತಳಿಯ ಬೀಜ ಒಂದು ವರ್ಷ ತಡವಾಗಿ ಬಂದರೆ ಅದರ ನಷ್ಟ ತಟ್ಟುವುದು ರೈತರಿಗೇ. ಆ ವಿಳಂಬಕ್ಕೆ ಬರ, ರೋಗಗಳು ಕಾರಣವಾಗುವಂತೆ ಕಚೇರಿಯ ಕಡತವೂ ಕಾರಣವಾಗಬಲ್ಲದು.

1957ರಲ್ಲಿ ಮೆಕ್ಕೆಜೋಳದಿಂದ ಮೊದಲಾದ ಅಖಿಲ ಭಾರತ ಸುಸಂಘಟಿತ ಸಂಶೋಧನಾ ಯೋಜನೆಗಳು ಈಗ ಅನೇಕ ಬೆಳೆಗಳಿಗೆ ಹಬ್ಬಿವೆ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿರುವ ಇವುಗಳ ಕೇಂದ್ರಗಳಿಗೆ ಖರ್ಚಿನ ಮುಕ್ಕಾಲು ಪಾಲನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತೂ ಕಾಲು ಪಾಲನ್ನು ರಾಜ್ಯವೂ ಭರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇತರ ಇಲಾಖೆಗಳೂ ಕಂಪನಿಗಳೂ ಕೊಡುವ ಯೋಜನೆಗಳು ಬೇರೆ. ಪ್ರತಿಯೊಂದಕ್ಕೂ ಪ್ರತ್ಯೇಕ ಲೆಕ್ಕ, ಪ್ರತ್ಯೇಕ ನಮೂನೆ. ವೇತನ, ಪ್ರಯಾಣ, ಸಲಕರಣೆ, ಸಾದಿಲ್ವಾರು ಎಂದು ಹಣವನ್ನು ಬೇರೆ ಬೇರೆ ಗುಡಾಣಗಳಲ್ಲಿ ಕಾಳು ತುಂಬಿಟ್ಟಂತೆ ಇಟ್ಟಿರುತ್ತಾರೆ. ಒಂದರದನ್ನು ಇನ್ನೊಂದಕ್ಕೆ ಸುರಿಯಬೇಕಾದರೆ ಅನುಮತಿ ಬೇಕು.

ಇದೆಲ್ಲವನ್ನೂ ಸಹಿಸಬಹುದು. ನಿಜವಾದ ತೊಡಕು ಕಾಲದ್ದು. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಬಿತ್ತಿದ ಬೇಸಿಗೆ ಶೇಂಗಾ ಆ ದಿನ ಇನ್ನೂ ಕಾಯಿ ಬಲಿಯುತ್ತಾ ಹೊಲದಲ್ಲಿರುತ್ತದೆ. ಹೊಸ ವರ್ಷದ ಕಂತು ಬರುವ ಮೊದಲೇ ರೋಹಿಣಿ, ಮೃಗಶಿರಾ ಮಳೆಗಳು ಬಂದು ಹೋಗಬಹುದು. ರೈತನಾದರೆ ಸಾಲ ಮಾಡಿಯಾದರೂ ಬಿತ್ತುತ್ತಾನೆ. ಸಂಶೋಧನಾ ಕೇಂದ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಮೂರು ವಾರದ ರಾಗಿ ಪೈರಿನಲ್ಲಿ ಕೂಲಿಗೆ ಹಣವಿಲ್ಲದೆ ಅರ್ಧ ತಾಕುಗಳ ಕಳೆ ತೆಗೆದು ಉಳಿದರ್ಧವನ್ನು ಎರಡು ವಾರ ಬಿಟ್ಟರೆ, ಕೊನೆಯಲ್ಲಿ ತೂಗುವುದು ತಳಿಗಳ ವ್ಯತ್ಯಾಸವನ್ನಲ್ಲ, ಕಳೆಯ ವ್ಯತ್ಯಾಸವನ್ನು. ಆ ವರ್ಷದ ಪ್ರಯೋಗ ವ್ಯರ್ಥ. ಸೋಯಾ ಅವರೆಯಂತಹ ಬೆಳೆಯಲ್ಲಿ ಇನ್ನೂ ಕಷ್ಟ. ಸಾಮಾನ್ಯ ಉಗ್ರಾಣದಲ್ಲಿ ಅದರ ಬೀಜದ ಮೊಳಕೆಯ ಶಕ್ತಿ ಬೇಗ ಕುಂದುವುದರಿಂದ, ಒಂದು ಹಂಗಾಮು ಬಿತ್ತದೆ ಬಿಟ್ಟರೆ ಬೀಜವೇ ಕೈಬಿಡಬಹುದು.

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂ ಅತಿ ಚಿಕ್ಕದು, ಸ್ವಪರಾಗಸ್ಪರ್ಶದ್ದು. ಅದರಲ್ಲಿ ಸಂಕರ ಮಾಡುವುದು ಸುಲಭದ ಮಾತಲ್ಲ. ಅಂತಹ ಕೆಲಸ ವರ್ಷದ ಮೇಲೆ ವರ್ಷ ಎಡೆಬಿಡದೆ ಸಾಗಬೇಕು.

ಲೆಕ್ಕ ಕೇಳಬಾರದೆಂದು ಯಾರೂ ಹೇಳಲಾರರು. ಅದು ಜನರ ತೆರಿಗೆಯ ಹಣ. ಹಣ ಬಳಕೆ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಸಲ್ಲಿಸಬೇಕೆಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವಿಧಿಸುತ್ತವೆ. ಕಟ್ಟಡ ಕಟ್ಟುವವರಿಗೆ ಈ ಗಡುವು ಸರಿಯಿರಬಹುದು. ಬೇಸಾಯದಲ್ಲಿ 12 ತಿಂಗಳೆಂದರೆ ಒಂದು ಮುಂಗಾರು, ಒಂದು ಹಿಂಗಾರು ಎರಡೂ ಕಳೆದಂತೆ. ನಮ್ಮ ವಿಜ್ಞಾನಿಗಳಲ್ಲಿ ಕೆಲವರು ಈ ಪತ್ರವನ್ನು ಗುಮಾಸ್ತರ ಕೆಲಸವೆಂದು ಬದಿಗಿಡುತ್ತಾರೆ. ಮುಂದಿನ ಕಂತು ಅದಕ್ಕೇ ಕಾದಿರುತ್ತದೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಪ್ರತಿ ವಿಶ್ವವಿದ್ಯಾನಿಲಯವೂ ತನ್ನದೇ ಒಂದು ಸುತ್ತುನಿಧಿಯನ್ನು ಇಡಬೇಕೆಂಬುದು ನನ್ನ ಅಭಿಪ್ರಾಯ. ಮಂಜೂರಾದ ಯೋಜನೆಗೆ ಹಣ ಬರುವ ಮುನ್ನವೇ ಬಿತ್ತನೆ, ಕಳೆ, ಕೊಯ್ಲುಗಳ ಕೂಲಿಯನ್ನು ಇದರಿಂದ ಕೊಟ್ಟು, ಕಂತು ಬಂದೊಡನೆ ತುಂಬಿಕೊಳ್ಳಬಹುದು. ಹಣ ಕೊಡುವ ಸಂಸ್ಥೆಗಳೂ ಇಂತಹ ಮರುಭರ್ತಿಗೆ ಒಪ್ಪಿಗೆ ನೀಡಬೇಕು. ಸಂಶೋಧನಾ ನಿರ್ದೇಶನಾಲಯದಲ್ಲಿ ಲೆಕ್ಕವನ್ನೂ ಬೆಳೆಯ ಕಾಲವನ್ನೂ ಬಲ್ಲ ಇಬ್ಬರು ಮೂವರು ಸಿಬ್ಬಂದಿ ಇದ್ದು, ಏಪ್ರಿಲ್ ತಿಂಗಳಲ್ಲೇ ಪ್ರಮಾಣಪತ್ರಗಳನ್ನು ಸಿದ್ಧಪಡಿಸಬೇಕು. ಪಂಪಿನ ದುರಸ್ತಿಯಂತಹ ಸಣ್ಣ ಖರ್ಚಿಗೆ ದೂರದ ಕಚೇರಿಯ ರುಜು ಕಾಯದಂತೆ ಕೇಂದ್ರದ ಮುಖ್ಯಸ್ಥರಿಗೆ ಅಧಿಕಾರವಿರಬೇಕು.

ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಲ್ಲಿ ರೈತ ಪ್ರತಿನಿಧಿಗಳಿಗೂ ಸ್ಥಾನವಿದೆ. ಹೊಸ ತಳಿ ಯಾವಾಗ ಎಂದು ಕೇಳುವುದರ ಜೊತೆಗೆ, ಈ ಸಲದ ಮುಂಗಾರು ಪ್ರಯೋಗಗಳ ಹಣ ಯಾವ ತಿಂಗಳಲ್ಲಿ ಕೇಂದ್ರಕ್ಕೆ ತಲುಪಿತು ಎಂದೂ ಅವರು ಮುಂದಿನ ಸಭೆಯಲ್ಲಿ ಕೇಳಲಿ.